ಬೇಲಿ ಕಾಣದ ಮೂರು ಹೊಲಗಳು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ರೈತನ ಮನೆ ಹೆಚ್ಚಾಗಿ ಊರಿನಿಂದ ದೂರವೇ ಇರುತ್ತದೆ. ಸುತ್ತ ಅವನದೇ ಹೊಲ, ಹೊಲದ ಅಂಚಿಗೆ ಮುಳ್ಳುಗಿಡಗಳ ಬೇಲಿ, ನಡುವೆ ಒಂಟಿ ಮನೆ, ಪಕ್ಕದಲ್ಲೊಂದು ಕೊಟ್ಟಿಗೆ. ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಲ್ಯಾಕ್ಸ್‌ಟನ್ ಎಂಬ ಪ್ಯಾರಿಷ್‌ನಲ್ಲಿ ಮಾತ್ರ ಒಕ್ಕಲುಮನೆಗಳು ಊರಬೀದಿಯಲ್ಲೇ ಒಂದರ ಪಕ್ಕ ಒಂದು ನಿಂತಿವೆ. ಟ್ರ್ಯಾಕ್ಟರುಗಳು ಮನೆಯಂಗಳದಿಂದ ಹೊರಟು, ಬೀದಿ ದಾಟಿ, ಹೊಲದ ಹಾದಿ ಹಿಡಿಯುತ್ತವೆ. ಊರು ಮುಗಿದ ಮೇಲೆ ಸಿಗುವ ಹೊಲಗಳಿಗೆ ಒಳಬೇಲಿಯೇ ಇಲ್ಲ. ಕಣ್ಣು ಹಾಯುವವರೆಗೆ ಒಂದೇ ಬಯಲು ಎಂದು ತೋರುವ ಆ ನೆಲದೊಳಗೆ ಉದ್ದುದ್ದ ಪಟ್ಟಿಗಳಿವೆ. ಯಾವ ಪಟ್ಟಿ ಯಾರದೆಂದು ಹೊರಗಿನವರಿಗೆ ತಿಳಿಯದು, ಊರವರಿಗೆ ಗೊತ್ತು.

ಮನೆಗಳು ಗುಂಪಾಗಿರುವುದಕ್ಕೂ ಹೊಲದಲ್ಲಿ ಬೇಲಿ ಇಲ್ಲದಿರುವುದಕ್ಕೂ ಕಾರಣ ಒಂದೇ. ಇಲ್ಲಿನ ರೈತನ ಹಿಡುವಳಿ ಒಂದೇ ಕಡೆ ಸಿಗುವುದಿಲ್ಲ. ದಕ್ಷಿಣದ ಹೊಲದಲ್ಲಿ ಎರಡು ಪಟ್ಟಿ, ಗಿರಣಿ ಹೊಲದಲ್ಲಿ ಮೂರು, ಪಶ್ಚಿಮದ ಹೊಲದಲ್ಲಿ ಮತ್ತೆರಡು, ಹೀಗೆ ಚದುರಿರುತ್ತದೆ. ನೆರೆಯವನ ಹಿಡುವಳಿಯೂ ಹಾಗೆಯೇ. ಇಂಥ ರೈತ ಯಾವ ಪಟ್ಟಿಯಲ್ಲಿ ಮನೆ ಕಟ್ಟಿಕೊಂಡಾನು? ಎಲ್ಲ ಹೊಲಗಳಿಗೂ ಸುಮಾರು ಸಮದೂರದಲ್ಲಿರುವ ಊರಬೀದಿಯೇ ಅವನಿಗೆ ಅನುಕೂಲ. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುನಾಡಿನ ಬಹುಪಾಲು ಊರುಗಳು ಇದೇ ಲೆಕ್ಕದಲ್ಲಿ ಬೆಳೆದವು. ಈಗ ಆ ಲೆಕ್ಕ ಪೂರ್ತಿಯಾಗಿ, ಹೊಲ, ಬೀದಿ, ಹೊಲಗಳನ್ನು ಆಳುವ ನ್ಯಾಯಸಭೆ ಮೂರೂ ಕೂಡಿ, ಚಾಲ್ತಿಯಲ್ಲಿ ಉಳಿದಿರುವುದು ಲ್ಯಾಕ್ಸ್‌ಟನ್‌ನಲ್ಲಿ. ಡೆವನ್‌ನ ಬ್ರಾಂಟನ್‌ನಲ್ಲಿ, ಲಿಂಕನ್‌ಶೈರಿನ ಆಕ್ಸ್‌ಹೋಮ್ ಸೀಮೆಯಲ್ಲಿ, ಡಾರ್ಸೆಟ್ಟಿನ ಪೋರ್ಟ್‌ಲ್ಯಾಂಡ್‌ನಲ್ಲಿ ಪಟ್ಟಿಹೊಲಗಳು ಇಂದಿಗೂ ಕಾಣುತ್ತವೆ. ಆದರೆ ಅಲ್ಲಿ ಹೊಲ ಉಳಿದಿದೆ, ಅದನ್ನು ಆಳುತ್ತಿದ್ದ ಊರಿನ ಕಟ್ಟಳೆ ಉಳಿದಿಲ್ಲ.

ಲ್ಯಾಕ್ಸ್‌ಟನ್‌ಗೆ ಪಶ್ಚಿಮದಲ್ಲಿ ಶೆರ್‌ವುಡ್ ಕಾಡು, ಪೂರ್ವದಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಓಡುವ ಹೆದ್ದಾರಿ, ಅದರಾಚೆ ಟ್ರೆಂಟ್ ನದಿಯ ಬಯಲು. ಎಗ್ಮಂಟನ್, ನೀಸಲ್, ಆಸಿಂಗ್ಟನ್ ನೆರೆಯ ಊರುಗಳು. ಹತ್ತಿರದ ಆಲರ್ಟನ್‌ನಲ್ಲಿ 20ನೇ ಶತಮಾನದಲ್ಲಿ ಕಲ್ಲಿದ್ದಲ ಗಣಿ ಬಂತು, ಗಣಿ ಕಾರ್ಮಿಕರ ಬಡಾವಣೆಗಳು ಎದ್ದವು. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿದ್ದರೂ ಲ್ಯಾಕ್ಸ್‌ಟನ್ ಒಕ್ಕಲುತನದ ಊರಾಗಿಯೇ ಮುಂದುವರಿಯಿತು.

ಇಲ್ಲಿನದು ಕೆಂಪು ಜೇಡಿಮಣ್ಣು. ಮಳೆ ಬಿದ್ದರೆ ಬೂಟಿಗೆ ಅಂಟಿ ಬಿಡದು, ಒಣಗಿದರೆ ನೇಗಿಲಿಗೆ ಬಗ್ಗದು. ಇಂಥ ಮಣ್ಣನ್ನು ಉಳಲು ಹಿಂದೆ ಎತ್ತುಗಳ ದೊಡ್ಡ ಸಾಲನ್ನೇ ಕಟ್ಟಬೇಕಿತ್ತು. ಅಷ್ಟು ಎತ್ತು ಒಬ್ಬ ಬಡ ಒಕ್ಕಲಿಗನಲ್ಲಿ ಇರುತ್ತಿರಲಿಲ್ಲ, ನಾಲ್ಕು ಮನೆಯವರು ತಂದು ಕೂಡಿಸಬೇಕಿತ್ತು. ಎತ್ತಿನ ಸಾಲನ್ನು ಹೊಲದ ತುದಿಯಲ್ಲಿ ಹೊರಳಿಸುವುದೇ ಪಡಿಪಾಟಲು. ಅದಕ್ಕೆಂದೇ ಪಟ್ಟಿಗಳು ಉದ್ದವಾಗಿ, ಕಿರಿದಾಗಿ, ತುದಿಗೆ ಬರುತ್ತ ತುಸು ಬಾಗಿ ರೂಪುಗೊಂಡವು. ಪಟ್ಟಿಯ ಅಂಚಿನಿಂದ ನಡುವಿಗೆ ಮಣ್ಣು ಮಗುಚುತ್ತ ಉತ್ತರೆ ನಡು ಏರಾಗಿ, ಅಂಚು ತಗ್ಗಾಗಿ, ಆ ತಗ್ಗಿನಲ್ಲಿ ನೀರು ಹರಿದು ಹೋಗುತ್ತಿತ್ತು. ಬೇಲಿಯಿಲ್ಲದ ಹೊಲದಲ್ಲಿ ಈ ತಗ್ಗೇ ಎಲ್ಲೆ. ಮಣ್ಣಿನ ಗುಣ, ಎತ್ತಿನ ಬಲ, ನೀರಿನ ಹರಿವು ಕೂಡಿ ಬರೆದ ಎಲ್ಲೆಯಿದು.

ಎಲ್ಲ ನೆಲವೂ ನೇಗಿಲಿಗೆ ಸಿಗಲಿಲ್ಲ. ಹೊಲಗಳ ನಡುವೆ ನೀರು ನಿಲ್ಲುವ ತಗ್ಗುಗಳು, ಉಳಲಾಗದ ಇಳಿಜಾರುಗಳು ಹುಲ್ಲಿನ ಪಟ್ಟೆಗಳಾಗಿ ಉಳಿದವು. ಇವಕ್ಕೆ ಸೈಕ್ ಎನ್ನುತ್ತಾರೆ. ನೂರಾರು ವರ್ಷ ನೇಗಿಲು ಕಾಣದ ಈ ಹುಲ್ಲುನೆಲದಲ್ಲಿ ಬೇರೆಡೆ ಅಳಿದುಹೋದ ಕಾಡುಹೂಗಳು ಇಂದಿಗೂ ಅರಳುತ್ತವೆ, ಅದಕ್ಕಾಗಿ ಸರ್ಕಾರ ಇವನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಗುರುತಿಸಿದೆ. ಊರಿನವರಿಗೆ ಅದು ಹುಲ್ಲಿನ ಆದಾಯವೂ ಹೌದು. ಪ್ರತಿ ಬೇಸಗೆಯಲ್ಲಿ ಸೈಕ್‌ಗಳ ಹುಲ್ಲನ್ನು ಹರಾಜು ಹಾಕುತ್ತಾರೆ.

ಮೂರು ಹೊಲಗಳ ಸರದಿ ಸರಳ. ಒಂದು ಹೊಲಕ್ಕೆ ಚಳಿಗಾಲಕ್ಕೆ ಮುಂಚೆ ಗೋಧಿ ಬಿತ್ತುತ್ತಾರೆ. ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿಯೋ ಹುರುಳಿಕಾಯಿಯ ಜಾತಿಯ ಕಾಳೋ ಬೀಳುತ್ತದೆ. ಮೂರನೆಯದು ಹಿಂದೆ ಬೀಳು ಬಿಟ್ಟ ಹೊಲ, ಈಗ ಮೇವಿನ ಬೆಳೆಯ ಹೊಲ. ಮರುವರ್ಷ ಎಲ್ಲವೂ ಒಂದು ಹೆಜ್ಜೆ ಮುಂದಕ್ಕೆ. ತನ್ನ ಪಟ್ಟಿಗೆ ತನಗೆ ಬೇಕಾದ್ದನ್ನು ಬೇಕಾದಾಗ ಬಿತ್ತುವ ಸ್ವಾತಂತ್ರ್ಯ ಇಲ್ಲಿ ಯಾರಿಗೂ ಇಲ್ಲ. ಒಬ್ಬ ಮುರಿದರೆ ಎಲ್ಲರಿಗೂ ಕೆಡುತ್ತದೆ. ಕಟಾವಾದ ಮೇಲೆ ಕೂಳೆಯಲ್ಲಿ ಊರ ದನಕುರಿಗಳು ಒಟ್ಟಿಗೆ ಮೇಯುತ್ತಿದ್ದ ಕಾಲದಲ್ಲಿ, ಒಬ್ಬನ ತಡವಾದ ಪೈರು ನಡುವೆ ನಿಂತಿದ್ದರೆ ಹೊಲವನ್ನೇ ತೆರೆಯುವಂತಿರಲಿಲ್ಲ.

ಲ್ಯಾಕ್ಸ್‌ಟನ್ ಅನ್ನು ಪ್ಯಾರಿಷ್ ಎಂದೆನಲ್ಲ, ಪ್ಯಾರಿಷ್ ಎಂದರೆ ಮೂಲದಲ್ಲಿ ಒಂದು ಚರ್ಚಿಗೆ ಸೇರಿದ ಸೀಮೆ. ಆ ಸೀಮೆಯ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಸಲ್ಲಬೇಕಿದ್ದರಿಂದ ಅದರ ಗಡಿ ಖಚಿತವಾಗಿರಬೇಕಿತ್ತು. 1601ರ ಬಡವರ ಕಾನೂನು ನಿರ್ಗತಿಕರ ಹೊಣೆಯನ್ನೂ ಪ್ಯಾರಿಷ್ ಮೇಲೆ ಹೊರಿಸಿತು. 1662ರ ಕಾಯ್ದೆ ಬಂದ ಮೇಲೆ ಬಡವನೊಬ್ಬ ಯಾವ ಪ್ಯಾರಿಷ್‌ಗೆ ಸೇರಿದವನೋ ಅಲ್ಲಿಗೆ ಅವನನ್ನು ವಾಪಸು ಅಟ್ಟಬಹುದಾಯಿತು. ಗಡಿಯ ಈಚೆ ಹುಟ್ಟಿದರೆ ರೊಟ್ಟಿ, ಆಚೆ ಹುಟ್ಟಿದರೆ ದಾರಿ. 1894ರ ಕಾಯ್ದೆ ಚರ್ಚಿನ ಪ್ಯಾರಿಷ್‌ನಿಂದ ಆಡಳಿತದ ಪ್ಯಾರಿಷ್ ಅನ್ನು ಬೇರ್ಪಡಿಸಿ ಅದಕ್ಕೆ ಚುನಾಯಿತ ಮಂಡಳಿ ಕೊಟ್ಟಿತು. ಇಂದಿನ ಪ್ಯಾರಿಷ್ ಮಂಡಳಿಗಳಿಗೆ ಸ್ಮಶಾನ, ಬಸ್ ತಂಗುದಾಣ, ಕಾಲುದಾರಿಯಂಥ ಸಣ್ಣ ಕೆಲಸಗಳು ಉಳಿದಿವೆ. ಆದರೆ ಎಷ್ಟೋ ಕಡೆ ಗಡಿರೇಖೆ ಹಳೆಯದೇ.

ಊರಿನ ಉತ್ತರಕ್ಕೆ ಹುಲ್ಲು ಮುಚ್ಚಿದ ಮಣ್ಣಿನ ದಿಬ್ಬಗಳಿವೆ. ನಾರ್ಮನ್ನರು ಕಟ್ಟಿದ ಕೋಟೆಯ ಅವಶೇಷ ಅದು. ಕಲ್ಲುಕಟ್ಟಡ ಮಾಯವಾಗಿದೆ, ದಿಬ್ಬವೂ ಕಂದಕವೂ ಇಂದಿಗೂ ಸ್ಪಷ್ಟ. ಶೆರ್‌ವುಡ್ ಕಾಡಿನ ಪಾಲಕತ್ವವನ್ನು ವಂಶಪಾರಂಪರ್ಯವಾಗಿ ಪಡೆದಿದ್ದ ಒಡೆಯರು ಇಲ್ಲಿದ್ದರು. ಹಾಗಾಗಿ ಒಂದು ಕಾಲಕ್ಕೆ ಈ ಊರಿಗೆ ಸುತ್ತಲ ಸೀಮೆಯಲ್ಲಿ ದೊಡ್ಡ ಹೆಸರಿತ್ತು. ಅವರ ವಂಶದವರ ಪ್ರತಿಮೆಗಳು ಸಂತ ಮೈಕೇಲನ ಚರ್ಚಿನಲ್ಲಿ ಮಲಗಿವೆ. ಕೋಟೆಯಿಂದ ಚರ್ಚು, ಚರ್ಚಿನಿಂದ ಬೀದಿ. ಬೀದಿಯುದ್ದಕ್ಕೂ ಕೆಂಪು ಇಟ್ಟಿಗೆಯ ಒಕ್ಕಲುಮನೆಗಳು, ಮಾಡಿಗೆ ಹೆಂಚು. ಹಲವು ಮನೆಗಳು ಬೀದಿಗೆ ಮುಖ ಕೊಡದೆ ಮಗ್ಗುಲು ಕೊಟ್ಟು ನಿಂತಿವೆ. ಅಂಗಳ ಪಕ್ಕಕ್ಕೆ, ಕೊಟ್ಟಿಗೆ ಹಿಂದಕ್ಕೆ, ಅದರಾಚೆ ಉದ್ದನೆಯ ಹಿತ್ತಲು. ಬೀದಿಯ ಪಾಲೂ ಹೊಲದ ಪಟ್ಟಿಯಂತೆಯೇ ಕಿರಿದಾಗಿ ಹಿಂದಕ್ಕೆ ಚಾಚಿದೆ, ಏಕೆಂದರೆ ಬೀದಿಗೆ ಬಾಗಿಲಿರುವ ಹಕ್ಕು ಎಲ್ಲರಿಗೂ ಬೇಕಿತ್ತು.

ಬೀದಿಯಲ್ಲೇ ಒಂದು ಗೋಡೆಯ ಆವರಣವಿದೆ. ಪರರ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುತ್ತಿದ್ದ ಪಿನ್‌ಫೋಲ್ಡ್ ಅದು. ಉತ್ತರ ಕರ್ನಾಟಕದ ಓದುಗರಿಗೆ ಕೊಂಡವಾಡ ಎಂದರೆ ಸಾಕು, ವಿವರಿಸಬೇಕಿಲ್ಲ. ದಂಡ ಕಟ್ಟಿ ದನ ಬಿಡಿಸಿಕೊಳ್ಳುವ ವ್ಯವಸ್ಥೆಯನ್ನು 1871ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿಯೂ ಕಾಯ್ದೆ ಮಾಡಿತು. ಬೇಲಿಯಿಲ್ಲದ ಹೊಲದ ಊರಿಗೆ ಕೊಂಡವಾಡ ಅಲಂಕಾರವಲ್ಲ. ಅದಿಲ್ಲದೆ ಒಂದು ರಾತ್ರಿಯ ಅಜಾಗರೂಕತೆ ಇಡೀ ಊರಿನ ಗೋಧಿಯನ್ನು ತಿಂದುಬಿಡುತ್ತಿತ್ತು.

ಪ್ಯಾರಿಷ್‌ನ ಪೂರ್ವ ಭಾಗದಲ್ಲಿ ಮೂರ್‌ಹೌಸ್ ಎಂಬ ಸಣ್ಣ ಕೊಪ್ಪಲಿದೆ. ಅದಕ್ಕೂ ತನ್ನದೇ ಪಟ್ಟಿಹೊಲಗಳಿದ್ದವು, 19ನೇ ಶತಮಾನದಲ್ಲಿ ಅವು ಬೇಲಿಗೆ ಸೇರಿದವು. 1860ರ ಸುಮಾರಿಗೆ ಹೆನ್ರಿ ಕ್ಲಟನ್ ಎಂಬ ವಾಸ್ತುಶಿಲ್ಪಿ ಅಲ್ಲೊಂದು ಪುಟ್ಟ ಚಾಪೆಲ್ ಕಟ್ಟಿದ. ಒಂದೇ ಪ್ಯಾರಿಷ್‌ನೊಳಗೆ ಒಂದು ಊರು ಹಳೆಯ ಕಟ್ಟಳೆಯಲ್ಲೇ ಉಳಿದು, ಇನ್ನೊಂದು ಹೊರಬಿದ್ದದ್ದು ಗಮನಿಸಬೇಕಾದ ಮಾತು. ಮಣ್ಣು ಅದೇ, ಮಳೆ ಅದೇ. ಬೇರೆಯಾದದ್ದು ಒಡೆತನ.

ಈ ಊರಿನ ಬಗ್ಗೆ ನಮಗೆ ಇಷ್ಟೆಲ್ಲ ತಿಳಿದಿರುವುದಕ್ಕೆ 1635ರ ಒಂದು ನಕಾಶೆ ಮುಖ್ಯ ಕಾರಣ. ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಲ್ಯಾಕ್ಸ್‌ಟನ್ನಿನ ಪ್ರತಿ ಮನೆ, ಪ್ರತಿ ಹಿತ್ತಲು, ಎರಡು ಸಾವಿರಕ್ಕೂ ಮೀರಿದ ಹೊಲದ ಪಟ್ಟಿಗಳನ್ನು ಅಳೆದು ಬರೆದ. ಜತೆಗೆ ಯಾವ ಪಟ್ಟಿ ಯಾರದು, ವಿಸ್ತೀರ್ಣ ಎಷ್ಟು ಎಂಬ ಪಹಣಿಯಂಥ ಪುಸ್ತಕವನ್ನೂ ಕೊಟ್ಟ. ನಕಾಶೆಯ ಹೊಲಗಳಲ್ಲಿ ಪುಟ್ಟ ಪುಟ್ಟ ಮನುಷ್ಯರಿದ್ದಾರೆ. ಒಬ್ಬ ಉಳುತ್ತಿದ್ದಾನೆ, ಕೆಲವರು ಕೊಯ್ಯುತ್ತಿದ್ದಾರೆ, ಇನ್ನೊಂದೆಡೆ ಜಿಂಕೆಯ ಬೇಟೆ ನಡೆದಿದೆ. ಇದು ಈಗ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಸಿ. ಎಸ್. ಆರ್ವಿನ್ ದಂಪತಿ ಇದನ್ನೇ ಆಧಾರವಾಗಿಟ್ಟುಕೊಂಡು 1938ರಲ್ಲಿ ತೆರೆದ ಹೊಲಗಳ ಬಗ್ಗೆ ಪುಸ್ತಕ ಬರೆದರು. ಹೊರಜಗತ್ತಿಗೆ ಲ್ಯಾಕ್ಸ್‌ಟನ್ ಹೆಸರು ಪರಿಚಯವಾದದ್ದು ಅದರಿಂದ.

ನಕಾಶೆ ಮಾಡಿಸಿದವನು ಆಗಿನ ಒಡೆಯ ಸರ್ ವಿಲಿಯಂ ಕೋರ್ಟೀನ್. ಈತನ ಹೆಸರು ನಮ್ಮ ಕರಾವಳಿಯ ಚರಿತ್ರೆಯಲ್ಲೂ ಬರುತ್ತದೆ. ಲಂಡನ್ನಿನ ದೊಡ್ಡ ವರ್ತಕನಾದ ಆತ ಅದೇ 1635ರಲ್ಲಿ, ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಲು ದೊರೆ ಒಂದನೆಯ ಚಾರ್ಲ್ಸ್‌ನಿಂದ ಅನುಮತಿ ಪಡೆದ. ಮರುವರ್ಷ ಹಡಗುಗಳು ಹೊರಟವು, ಅದೇ ವರ್ಷ ಕೋರ್ಟೀನ್ ತೀರಿಕೊಂಡ. ಹಡಗುಗಳು ಗೋವೆಗೆ ಬಂದು, 1637ರಲ್ಲಿ ಇಕ್ಕೇರಿ ನಾಯಕರ ಸೀಮೆಯ ಭಟ್ಕಳದಲ್ಲಿ ತಂಗಿ, ಮುಂದೆ ಚೀನಾಕ್ಕೆ ಹೋದವು. 1638ರಲ್ಲಿ ಆತನ ಸಂಘ ಕಾಳುಮೆಣಸಿಗಾಗಿ ಕಾರವಾರದಲ್ಲಿ ಕೋಠಿ ತೆರೆಯಿತು. ಒಂದು ಕಡೆ ತನ್ನ ಊರಿನ ಪಟ್ಟಿಪಟ್ಟಿಯನ್ನೂ ಅಳೆಸುತ್ತ, ಇನ್ನೊಂದು ಕಡೆ ಎಂದೂ ಕಾಣದ ಸಮುದ್ರತೀರದ ಮೆಣಸಿಗೆ ಹಣ ಹೂಡುತ್ತಿದ್ದ ಮನುಷ್ಯ ಈತ. ನೆಲವನ್ನು ಕಾಗದದ ಮೇಲೆ ತಂದು, ಅದರಿಂದ ಎಷ್ಟು ಹುಟ್ಟುತ್ತದೆ ಎಂದು ಕೂತಲ್ಲೇ ಲೆಕ್ಕ ಹಾಕುವ ಹೊಸ ಬುದ್ಧಿ ಎರಡೂ ಕಡೆ ಕೆಲಸ ಮಾಡುತ್ತಿತ್ತೆಂದು ನನಗನಿಸುತ್ತದೆ. ಊರಿನ ಒಳ್ಳೆಯದಕ್ಕೆಂದು ಆ ನಕಾಶೆ ಹುಟ್ಟಲಿಲ್ಲ. ಒಡೆಯನಿಗೆ ತನ್ನ ಆಸ್ತಿ ಎಷ್ಟೆಂದು ತಿಳಿಯಬೇಕಿತ್ತು. ಆದರೂ ಅದೇ ನಕಾಶೆ ಇಂದು ಊರಿನ ನೆನಪನ್ನು ಹೊತ್ತಿದೆ.

ಆ ಹೊಸ ಬುದ್ಧಿ ಮುಂದೆ ಇಂಗ್ಲೆಂಡಿನ ಹಳ್ಳಿಗಳನ್ನು ತಲೆಕೆಳಗು ಮಾಡಿತು. ಚದುರಿದ ಪಟ್ಟಿಗಳನ್ನು ಒಟ್ಟುಗೂಡಿಸಿ, ಸುತ್ತ ಬೇಲಿ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವ ಕಾಯ್ದೆಗಳನ್ನು ಸಂಸತ್ತು ಸಾಲುಸಾಲಾಗಿ ಮಾಡಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳು ಬಂದು, ಸುಮಾರು 68 ಲಕ್ಷ ಎಕರೆ ನೆಲ ಬೇಲಿಯೊಳಗೆ ಹೋಯಿತು. ಇಳುವರಿ ಹೆಚ್ಚಿತೆಂದು ಒಡೆಯರು ಹೇಳಿದರು. ಅದರಲ್ಲಿ ನಿಜವೂ ಇತ್ತು. ಆದರೆ ಬೇಲಿಯ ಖರ್ಚು, ವಕೀಲರ ಖರ್ಚು, ಮೋಜಣಿಯ ಖರ್ಚು ಸಣ್ಣ ಹಿಡುವಳಿದಾರನ ತಲೆಯ ಮೇಲೂ ಬಿತ್ತು. ಊರ ಗೋಮಾಳದಲ್ಲಿ ಒಂದು ಹಸು ಮೇಯಿಸಿ, ಕೊಯ್ಲಾದ ಹೊಲದಲ್ಲಿ ತೆನೆ ಆಯ್ದು ಬದುಕುತ್ತಿದ್ದ ಗುಡಿಸಲಿನವನಿಗೆ ಕಾಗದದ ಹಕ್ಕು ಇರಲಿಲ್ಲ. ಹಕ್ಕು ಇಲ್ಲದವನಿಗೆ ಪಾಲೂ ಸಿಗಲಿಲ್ಲ. ನಾರ್ಥಾಂಪ್ಟನ್‌ಶೈರಿನ ಹೆಲ್ಪ್‌ಸ್ಟನ್ ಊರಿಗೆ 1809ರಲ್ಲಿ ಇಂಥ ಕಾಯ್ದೆ ಬಂದಾಗ ಅಲ್ಲಿದ್ದ ಕೂಲಿಕಾರನ ಮಗ ಜಾನ್ ಕ್ಲೇರ್ ಮುಂದೆ ಕವಿಯಾಗಿ ಆ ನಷ್ಟವನ್ನು ಜೀವನವಿಡೀ ಬರೆದ. ಇಂದು ಪ್ರವಾಸಿಗರು ಇಂಗ್ಲೆಂಡಿನ ಚೆಲುವೆಂದು ಕಣ್ತುಂಬಿಕೊಳ್ಳುವ ಮುಳ್ಳುಗಿಡದ ನೇರ ಬೇಲಿಗಳಲ್ಲಿ ಎಷ್ಟೋ ಆ ಕಾಲದಲ್ಲಿ ನೆಟ್ಟವು. ಚೆಲುವು ಸುಳ್ಳಲ್ಲ, ಅದರ ಬೆಲೆ ಕೊಟ್ಟವರನ್ನು ಮರೆಯಬಾರದು ಅಷ್ಟೆ.

ಲ್ಯಾಕ್ಸ್‌ಟನ್ ತಪ್ಪಿಸಿಕೊಂಡದ್ದು ಯಾರ ದಯೆಯಿಂದಲೂ ಅಲ್ಲ. ಇಲ್ಲಿ ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೋ ಎಂಬ ಇಬ್ಬರು ದೊಡ್ಡ ಒಡೆಯರಿದ್ದರು. ಅವರ ಪಟ್ಟಿಗಳು ಒಂದರೊಳಗೊಂದು ಬೆರೆತಿದ್ದವು, ಅದಲುಬದಲಿಗೆ ಇಬ್ಬರೂ ಒಮ್ಮತಕ್ಕೆ ಬರಲಿಲ್ಲ. ಅಂಚಿನ ನೆಲ ಒಂದಿಷ್ಟು ಬೇಲಿಗೆ ಹೋಯಿತು, ಮೂರು ಹೊಲಗಳ ಹೃದಯಭಾಗ ಉಳಿಯಿತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮ್ಯಾನ್ವರ್ಸ್ ಎಸ್ಟೇಟು ಸಣ್ಣ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಿತು, ಹೊಲಗಳಿಗೆ ರಸ್ತೆ ಹಾಕಿತು. ಹೀಗಾಗಿ ಇಂದಿನ ಪಟ್ಟಿಗಳು ಪಿಯರ್ಸ್ ಅಳೆದ ಪಟ್ಟಿಗಳಷ್ಟು ಕಿರಿದಲ್ಲ, ಸಂಖ್ಯೆಯೂ ಬಹಳ ಕಡಿಮೆ. ಇಲ್ಲಿ ಏನೂ ಬದಲಾಗಿಲ್ಲ ಎಂದು ಬರೆಯುವವರು ಊರಿಗೆ ಉಪಕಾರ ಮಾಡುವುದಿಲ್ಲ. ಎತ್ತು ಹೋಗಿ ಕುದುರೆ, ಕುದುರೆ ಹೋಗಿ ಟ್ರ್ಯಾಕ್ಟರ್ ಬಂದಾಗಲೆಲ್ಲ ಊರು ತನ್ನ ಕಟ್ಟಳೆಯನ್ನು ತಿದ್ದಿಕೊಂಡಿದೆ. ತಿದ್ದಿಕೊಂಡದ್ದರಿಂದಲೇ ಅದು ಉಳಿದಿದೆ.

ತಿದ್ದುವ, ಕಾಯುವ ಜಾಗದ ಹೆಸರು ಕೋರ್ಟ್ ಲೀಟ್. ಮಧ್ಯಯುಗದ ಒಡೆಯನ ನ್ಯಾಯಸಭೆ ಇದು. ಇಂಗ್ಲೆಂಡಿನಲ್ಲಿ ಬೇರೆ ಕಡೆ ಈ ಹೆಸರಿನ ಸಭೆಗಳು ಔಪಚಾರಿಕವಾಗಿ ನಡೆಯುತ್ತವೆ. 1977ರಲ್ಲಿ ನ್ಯಾಯಾಡಳಿತ ಕಾಯ್ದೆ ಅವುಗಳ ಕಾನೂನುಬದ್ಧ ಅಧಿಕಾರವನ್ನು ತೆಗೆದುಹಾಕಿದಾಗ, ಲ್ಯಾಕ್ಸ್‌ಟನ್ನಿನ ಅಧಿಕಾರವನ್ನು ಮಾತ್ರ ಉಳಿಸಿತು. ಇಲ್ಲಿ ಅದಕ್ಕೆ ಮಾಡಲು ನಿಜವಾದ ಕೆಲಸವಿತ್ತು.

ನವೆಂಬರ್ ಕೊನೆಗೆ, ಗೋಧಿ ಮೊಳೆತು ಹಸಿರಾಗುವ ಹೊತ್ತಿಗೆ, ಜೂರಿಯ ದಿನ ಬರುತ್ತದೆ. ಗೇಣಿದಾರರೇ ಜೂರಿಯ ಸದಸ್ಯರು, ಅವರಲ್ಲೊಬ್ಬ ಮುಖ್ಯಸ್ಥ. ಟ್ರ್ಯಾಕ್ಟರಿನ ಟ್ರೈಲರ್ ಹತ್ತಿ ಆ ವರ್ಷದ ಗೋಧಿ ಹೊಲಕ್ಕೆ ಹೋಗುತ್ತಾರೆ. ಪಟ್ಟಿಯಿಂದ ಪಟ್ಟಿಗೆ ನಡೆದು, ಎಲ್ಲೆ ಸರಿಯಿದೆಯೇ ಎಂದು ಅಳೆದು, ತುದಿಗಳಲ್ಲಿ ಮರದ ಗೂಟ ಹೊಡೆಯುತ್ತಾರೆ. ಯಾರಾದರೂ ಹಾದಿಯನ್ನು ಉತ್ತಿದ್ದಾರೆಯೇ, ಸೈಕ್‌ನ ಹುಲ್ಲಿಗೆ ನೇಗಿಲು ತಾಗಿಸಿದ್ದಾರೆಯೇ, ಚರಂಡಿ ತೆಗೆಯದೆ ಬಿಟ್ಟಿದ್ದಾರೆಯೇ ಎಂದು ನೋಡುತ್ತಾರೆ. ತಪ್ಪಿತಸ್ಥ ಜೂರಿಯಲ್ಲೇ ಇರಬಹುದು, ಜತೆಯಲ್ಲೇ ನಡೆಯುತ್ತಿರಬಹುದು. ಮಧ್ಯಾಹ್ನ ಎಲ್ಲರೂ ಊರಿನ ಡವ್‌ಕೋಟ್ ಇನ್‌ನಲ್ಲಿ ಕೂತು ಊಟ ಮಾಡಿ, ದಂಡ ಎಷ್ಟೆಂದು ಮಾತಾಡಿಕೊಳ್ಳುತ್ತಾರೆ.

ವಾರ ಕಳೆದ ಮೇಲೆ ಅದೇ ಇನ್‌ನಲ್ಲಿ ಸಭೆ. ಒಡೆಯನ ಪರವಾಗಿ ಸ್ಟೀವರ್ಡ್ ಕೂರುತ್ತಾನೆ, ಬೇಲಿಫ್ ಸಭೆ ಕರೆಯುತ್ತಾನೆ. ಜೂರಿ ತನ್ನ ವರದಿ ಒಪ್ಪಿಸುತ್ತದೆ, ದಂಡ ನಿರ್ಧಾರವಾಗುತ್ತದೆ, ಮರುವರ್ಷ ಗೋಧಿ ಬೀಳುವ ಹೊಲಕ್ಕೆ ಹೊಸ ಜೂರಿ ಪ್ರಮಾಣ ಸ್ವೀಕರಿಸುತ್ತದೆ. ದಂಡದ ಮೊತ್ತ ದೊಡ್ಡದಲ್ಲ. ಆದರೆ ನೆರೆಯವರೆದುರು ಹೆಸರು ಓದಿಸಿಕೊಳ್ಳುವುದು ಯಾವ ರೈತನಿಗೂ ಹಗುರವಲ್ಲ. ವರ್ಷಕ್ಕೆ ಒಂದು ಸಾಲು ಒತ್ತಿದರೆ ಹತ್ತು ವರ್ಷದಲ್ಲಿ ಹಾದಿಯೇ ಇರುವುದಿಲ್ಲ ಎಂಬುದು ಹೊಲ ಇರುವವರಿಗೆಲ್ಲ ಗೊತ್ತಿರುವ ಸಂಗತಿ. ಒತ್ತುವರಿ ದೊಡ್ಡ ಮೊಕದ್ದಮೆಯಾಗಿ ಬೆಳೆಯುವ ಮೊದಲೇ, ಅಂಗೈಯಗಲ ಇರುವಾಗಲೇ, ಅದನ್ನು ಬಹಿರಂಗವಾಗಿ ಹಿಡಿದು ಅಲ್ಲೇ ಮುಗಿಸುವ ಈ ಏರ್ಪಾಡು ನನಗೆ ಲ್ಯಾಕ್ಸ್‌ಟನ್ನಿನ ಎಲ್ಲಕ್ಕಿಂತ ದೊಡ್ಡ ಸಂಪತ್ತಾಗಿ ಕಾಣುತ್ತದೆ. ಕೋಟೆಯ ದಿಬ್ಬವನ್ನು ಪುರಾತತ್ತ್ವ ಇಲಾಖೆ ಕಾಯಬಹುದು. ಈ ಹೊಲಗಳ ಆಕಾರವನ್ನು ಹಾಗೆ ಕಾಯಲಾಗದು. ಅಲ್ಲಿ ಬೇಸಾಯ ಮಾಡುವವರೇ ಪ್ರತಿವರ್ಷ ನಡೆದು ಕಾಯಬೇಕು.

ಇದನ್ನು ಸಮಾನತೆಯ ಸ್ವರ್ಗವೆಂದು ತಿಳಿಯಬಾರದು. ನೆಲದ ಹೆಚ್ಚಿನ ಭಾಗ ಒಡೆಯರದಾಗಿತ್ತು, ಹೆಚ್ಚಿನ ರೈತರು ಗೇಣಿದಾರರು. ಹೆಚ್ಚು ಪಟ್ಟಿ ಇದ್ದವನ ಮಾತಿಗೆ ಹೆಚ್ಚು ತೂಕವಿತ್ತು, ಪಟ್ಟಿಯೇ ಇಲ್ಲದ ಕೂಲಿಯವನಿಗೆ ಸಭೆಯಲ್ಲಿ ಮಾತೇ ಇರಲಿಲ್ಲ. ಹಾಗಿದ್ದೂ, ಬಲವಂತನನ್ನು ನೆರೆಯವನ ಎಲ್ಲೆಯ ಮುಂದೆ ನಿಲ್ಲಿಸುವ ಶಕ್ತಿ ಈ ಕಟ್ಟಳೆಗಿತ್ತು.

ಒಡೆತನ ಕಳೆದ ಎಪ್ಪತ್ತು ವರ್ಷಗಳಲ್ಲಿ ಕೈಯಿಂದ ಕೈಗೆ ಹೋಗಿದೆ. ಆರನೆಯ ಅರ್ಲ್ ಮ್ಯಾನ್ವರ್ಸ್‌ಗೆ ಬಿರುದನ್ನು ಮುಂದುವರಿಸುವ ಗಂಡು ವಾರಸುದಾರರಿರಲಿಲ್ಲ. 1952ರಲ್ಲಿ ಅವರು ಹೊಲಗಳ ಪದ್ಧತಿ ಕೆಡಬಾರದೆಂಬ ಆಸೆಯಿಂದ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದರು. 1955ರಲ್ಲಿ ಅವರು ತೀರಿಕೊಂಡಾಗ ಬಿರುದೂ ಕೊನೆಗೊಂಡಿತು. 1981ರಲ್ಲಿ ಸಚಿವಾಲಯ ಊರನ್ನು, ಬ್ರಿಟಿಷ್ ಸಿಂಹಾಸನದ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ವಹಿಸಿತು. 2020ರಲ್ಲಿ ಕ್ರೌನ್ ಎಸ್ಟೇಟು ಥೋರ್ಸ್‌ಬಿ ಎಸ್ಟೇಟಿಗೆ ಮಾರಿತು. ಥೋರ್ಸ್‌ಬಿ ಎಂದರೆ ಮ್ಯಾನ್ವರ್ಸ್ ಮನೆತನದ ಹಳೆಯ ಆಸ್ತಿಯೇ, ಲ್ಯಾಕ್ಸ್‌ಟನ್ ಹೊರಟ ಮನೆಗೇ ಮರಳಿದೆ.

ಮುಂದಿನ ಪ್ರಶ್ನೆ ಗೇಣಿದಾರರದು. ಮೂರು ಹೊಲಗಳೆಲ್ಲ ಸೇರಿ ಐನೂರು ಎಕರೆಯ ಒಳಗೇ ಇವೆ. ಈಗಿನ ಇಂಗ್ಲೆಂಡಿನಲ್ಲಿ ಒಬ್ಬನೇ ರೈತ ಅದಕ್ಕಿಂತ ಹೆಚ್ಚು ಮಾಡುವುದುಂಟು. ಅಷ್ಟನ್ನು ಹಲವು ಮನೆಗಳು ಹಂಚಿಕೊಂಡಾಗ ಯಾರಿಗೂ ಅದೊಂದರಿಂದಲೇ ಸಂಸಾರ ಸಾಗದು, ಬೇಲಿಯೊಳಗಿನ ಬೇರೆ ಜಮೀನು, ಹಾಲು, ಹೊರಗಿನ ದುಡಿಮೆ ಬೇಕೇಬೇಕು. ದೊಡ್ಡ ಯಂತ್ರಗಳಿಗೆ ಪಟ್ಟಿಗಳು ಕಿರಿದು. ಒಂದು ಒಕ್ಕಲು ಖಾಲಿಯಾದಾಗ ಆ ಪಟ್ಟಿಗಳನ್ನು ಉಳಿದವರಿಗೆ ಹಂಚಿ ಕೈತೊಳೆದುಕೊಳ್ಳುವುದು ಎಸ್ಟೇಟಿಗೆ ಸುಲಭ. ಹಾಗೆ ನಾಲ್ಕು ಸಲ ಮಾಡಿದರೆ ಜೂರಿಗೆ ಜನ ಸಾಲದು. ಹೊಲಕ್ಕೆ ಬೇಲಿ ಬೀಳದಂತೆ ತಡೆಯುವ ಒಪ್ಪಂದ ಬರೆಯಬಹುದು, ಆದರೆ ನವೆಂಬರಿನ ಚಳಿಯಲ್ಲಿ ಗೂಟ ಹೊಡೆಯಲು ಹನ್ನೆರಡು ಮಂದಿ ರೈತರು ಆ ಬೀದಿಯಲ್ಲಿ ವಾಸವಿರಬೇಕು. ಬೀದಿಯ ಮನೆಗಳನ್ನು ವಾರಾಂತ್ಯದ ವಿಹಾರಕ್ಕೆ ಬರುವವರಿಗೆ ಕೊಡದೆ, ಕಿರಿಯ ಒಕ್ಕಲುಗಳಿಗೆ ತಾಳುವ ಗೇಣಿಗೆ ಕೊಡುವುದು ಈ ಪ್ಯಾರಿಷ್‌ನಲ್ಲಿ ಒಡೆಯನಾದವನು ಮಾಡಬೇಕಾದ ಮೊದಲ ಕೆಲಸ.